ಗುರುಪಾದ ಹಾಕಿದ ಕೀಲಿ

ಗುರುಪಾದನ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅವನು ಆ ಕಡೆ ಕೆಮ್ಮಿದರೆ ಈ ಕಡೆ ನನ್ನ ಹೊಲಿಗೆ ಸೊಟ್ಟಾಗುತ್ತದೆ. ಅಫಜಲಪುರ ಬಸ್‌ಸ್ಟ್ಯಾಂಡಿನ ಹಿಂದಿನ ಈ ಸಾಲಿನಲ್ಲಿ ಇಷ್ಟು ವರ್ಷ ಪಕ್ಕದಲ್ಲೇ ಕೂತು ಅವನ ಜೊತೆ ಜಗಳವಾಡಿದವಳು ನಾನು. ಹಾಗಾಗಿ ಅವನ ಕತೆ ಹೇಳುವ ಹಕ್ಕು ಅವನ ಹೆಂಡತಿಗಿಂತ ನನಗೇ ಹೆಚ್ಚು ಎಂಬುದು ನನ್ನ ವಾದ. ಅವಳೂ ತಕರಾರು ಮಾಡುವುದಿಲ್ಲ. "ಕತಿನೂ ನೀವೇ ಇಟ್ಕೊಳ್ರಿ ಜಯಮಾಲಕ್ಕಾ, ಅವರನ್ನೂ ನೀವೇ ಇಟ್ಕೊಳ್ರಿ" ಎನ್ನುತ್ತಾಳೆ.

ಅವನು ಜೇವರ್ಗಿ ಕಡೆಯ ಹುಡುಗ. ಅಪ್ಪ ಚಂದ್ರಾಮಪ್ಪನಿಗೆ ಮಗ ಸಾಲಿ ಮಾಸ್ತರನಾಗಬೇಕೆಂಬ ಆಸೆ. ಕಾಲೇಜು ಕಲಿಯಲಿ ಎಂದು ಇಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟರೆ ಇವನು ಕಾಲೇಜಿಗೆ ಹೋಗುವ ದಾರಿಯಲ್ಲಿದ್ದ ವಿಡಿಯೋ ಅಂಗಡಿಯಲ್ಲೇ ಕೂತುಬಿಟ್ಟ. ಸಿನಿಮಾ ಎಂದರೆ ಊಟ ಮರೆಯುವ ಜಾತಿ. ಆ ಅಂಗಡಿಯ ಮಾಲೀಕ ಸೊಲ್ಲಾಪುರಕ್ಕೆ ಹೊರಟುಹೋದಾಗ ಅಂಗಡಿ ಇವನ ಕೊರಳಿಗೇ ಬಿತ್ತು. ಆಗ ನಾನೂ ಹೊಸದಾಗಿ ಮಿಷನ್ ಹಾಕಿಕೊಂಡು ಕೂತಿದ್ದೆ. ಮೊದಲ ದಿನವೇ ಅವನ ಟಿವಿಯ ಗದ್ದಲಕ್ಕೆ ಹೋಗಿ ಬೈದು ಬಂದೆ. "ಬಿಡ್ರಿ ಅಕ್ಕಾ, ಆಗ್ತದ" ಎಂದು ನಕ್ಕ. ಆ ಮಾತು ಅವನಿಗೆ ಎಲ್ಲದಕ್ಕೂ ಔಷಧಿ. ಬೆಂಕಿ ಬಿದ್ದರೂ ಅದನ್ನೇ ಅನ್ನುವ ಮನುಷ್ಯ.

ಡಿವಿಡಿ ಕಾಲದಲ್ಲಿ ಅವನು ರಾಜನಾಗಿದ್ದ. ಹೊಸ ಸಿನಿಮಾದ ಡಿಸ್ಕಿಗೆ ಕಂಪನಿಯವರು ಕೀಲಿ ಹಾಕಿ ಕಳಿಸುತ್ತಿದ್ದರು. ಕಣ್ಣಿಗೆ ಕಾಣುವ ಕೀಲಿಯಲ್ಲ. ಪ್ಲೇಯರಿಗೆ ಹಾಕಿದರೆ ಸಿನಿಮಾ ಚೆನ್ನಾಗಿಯೇ ಓಡುತ್ತದೆ. ಕಂಪ್ಯೂಟರಿಗೆ ಹಾಕಿ ಇನ್ನೊಂದು ಪ್ರತಿ ತೆಗೆಯಲು ಹೋದರೆ ಬರೀ ಕಸ ಬರುತ್ತದೆ. ಕಲಬುರಗಿಯ ಮಸೂದ ಎಂಬ ಗೆಳೆಯ ಇವನಿಗೆ ಒಂದು ಸಾಫ್ಟ್‌ವೇರ್ ಕೊಟ್ಟ. ಅದನ್ನು ಹಚ್ಚಿದರೆ ಎಂಥ ಕೀಲಿಯೂ ಕಳಚಿ ಬೀಳುತ್ತಿತ್ತಂತೆ. ಆಳಂದದಿಂದ, ಯಡ್ರಾಮಿಯಿಂದ ಜನ ಇವನ ಹತ್ತಿರ ಪ್ರತಿ ಮಾಡಿಸಲು ಬರುತ್ತಿದ್ದರು. "ಇದು ಕಳವಲ್ಲೇನೋ?" ಎಂದು ನಾನು ಕೇಳಿದರೆ, "ಹೊಳಿ ನೀರಿಗಿ ದೊಣ್ಣಿ ನಾಯಕನ ಅಪ್ಪಣಿ ಯಾಕ್ರಿ ಅಕ್ಕಾ" ಎನ್ನುತ್ತಿದ್ದ. ಬಾಯಿ ಮಾತ್ರ ಭಾರಿ.

ಆಮೇಲೆ ಅವನೇ ಕ್ಯಾಮೆರಾ ಹಿಡಿದ. ಮದುವೆ, ಕುಬಸ, ಜಾವಳ, ಮನೆ ಶಾಂತಿ, ಯಾವುದಕ್ಕೆ ಕರೆದರೂ ಹೋಗುತ್ತಿದ್ದ. ಶೂಟಿಂಗ್ ಮಾಡಿ, ಕೂಡಿಸಿ, ಹಾಡು ಹಾಕಿ, ಡಿಸ್ಕಿನ ಮೇಲೆ ಗುಲಾಬಿ ಹೂವಿನ ನಡುವೆ ತನ್ನ ಹೆಸರು ಛಾಪಿಸಿ ಕೊಡುತ್ತಿದ್ದ. ನಮ್ಮ ಕಡೆ ಮದುವೆಯ ಡಿಸ್ಕು ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ. ಬೀಗರಿಗೆ ಬೇಕು, ಸೋದರಮಾವನಿಗೆ ಬೇಕು, ಸೋದರತ್ತೆಗೆ ಕೊಡದಿದ್ದರೆ ಅವಳು ಮುಂದಿನ ಮದುವೆಗೆ ಬರುವುದಿಲ್ಲ. ಆ ಪ್ರತಿಗಳೆಲ್ಲ ತನ್ನ ಹತ್ತಿರವೇ ಆಗಬೇಕೆಂದು ಇವನ ಲೆಕ್ಕ. ಒಂದು ಸಲ ಆಳಂದದ ಯಾರದೋ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾನೆ, ಎದುರಿಗೆ ಟಿವಿಯಲ್ಲಿ ತಾನೇ ತೆಗೆದ ಮದುವೆ! ಮೊದಲಿಗೆ ಬೇರೆ ಯಾವುದೋ ಸ್ಟುಡಿಯೋದ ಹೆಸರು. ಅವತ್ತು ಊರಿಗೆ ಬಂದವನ ಕೋಪ ನೋಡಬೇಕಿತ್ತು ನೀವು. ಪ್ರಪಂಚದಲ್ಲಿ ನ್ಯಾಯವೇ ಉಳಿದಿಲ್ಲವಂತೆ.

"ತಾನು ಕಳ್ಳ, ಪರರ ನಂಬ" ಎಂದು ನಾನು ಗೋಡೆಯ ಈ ಕಡೆಯಿಂದಲೇ ಕೂಗಿದೆ.

"ಸಿನಿಮಾ ಬ್ಯಾರೆ, ಇದು ಬ್ಯಾರೆರಿ ಅಕ್ಕಾ. ಇದು ನನ್ನ ರೆಟ್ಟಿ ಮುರದು ಮಾಡಿದ್ದು."

ಅಂದಿನಿಂದ ತನ್ನ ಡಿಸ್ಕುಗಳಿಗೂ ಕೀಲಿ ಹಾಕತೊಡಗಿದ. ಹೇಗೆ ಎಂದು ನನಗೆ ಬಿಡಿಸಿ ಹೇಳಿದ್ದ, ನಾನು ಕೇಳದಿದ್ದರೂ. ಡಿಸ್ಕಿನೊಳಗೆ ಅಲ್ಲಲ್ಲಿ ಬೇಕೆಂದೇ ಹುಸಿ ಗಾಯ ಮಾಡುವುದು. ಪ್ಲೇಯರಿಗೆ ದಾರಿ ಗೊತ್ತಿರುತ್ತದೆ, ಅದು ಗಾಯ ತಪ್ಪಿಸಿಕೊಂಡು ಹೋಗುತ್ತದೆ. ನಕಲು ಮಾಡುವ ಕಂಪ್ಯೂಟರ್ ಮಾತ್ರ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಓದಲು ಹೋಗಿ ಅಲ್ಲೇ ಕಾಲು ಸಿಕ್ಕಿಸಿಕೊಂಡು ಬೀಳುತ್ತದೆ. ತನ್ನ ಹತ್ತಿರ ಮೂಲವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಹೊಸ ಸೀಜನ್ ಬಂದಾಗ ಹಳೆಯ ಮದುವೆ ಅಳಿಸಿ ಹೊಸದನ್ನು ತುಂಬುತ್ತಿದ್ದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಯಾರೂ ಅದನ್ನು ತಪ್ಪೆಂದು ಅಂದುಕೊಂಡಿರಲಿಲ್ಲ.

ಕಾಲ ಹೋಯಿತು. ಮೊಬೈಲ್ ಬಂದವು, ಡಿವಿಡಿ ಸತ್ತಿತು. ಈಗ ಗುರುಪಾದನದು ಝೆರಾಕ್ಸ್, ರಿಚಾರ್ಜ್, ಪಾಸ್‌ಪೋರ್ಟ್ ಫೋಟೋ. ತಲೆ ನರೆತಿದೆ, ಹೊಟ್ಟೆ ಬಂದಿದೆ. ಹಳೆಯ ಪ್ಲೇಯರ್ ಒಂದನ್ನು ಟವೆಲ್ ಮುಚ್ಚಿ ಅಟ್ಟದ ಮೇಲೆ ಇಟ್ಟಿದ್ದಾನೆ. ಮಾರಿಬಿಡು ಎಂದರೆ ಕೇಳುವುದಿಲ್ಲ.

ಹೋದ ವರ್ಷ ದೀಪಾವಳಿಯ ಮುಂದೆ, ನನಗೆ ಉಸಿರಾಡಲೂ ಪುರಸೊತ್ತಿಲ್ಲದ ದಿನಗಳಲ್ಲಿ, ಮಣ್ಣೂರಿನಿಂದ ಒಬ್ಬ ಮುದುಕಿ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಮೊದಲು ನನ್ನ ಅಂಗಡಿಗೇ ಬಂದಳು. "ನನ್ನ ಗುರ್ತಾ ಸಿಗಲಿಲ್ಲೇನು ಜಯಮಾಲಾ? ನಿಂಬೆವ್ವ. ನನ್ನ ಮಗಳು ಜಗದೇವಿ ಕುಬಸ ನೀನೇ ಹೊಲಿದಿದ್ದಿ" ಎಂದಳು. ಕೂಡಲೇ ಗುರುತು ಸಿಕ್ಕಿತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ತೊಡಿಸಿ ಉಡಿ ತುಂಬುತ್ತಾರಲ್ಲ, ಆ ಕುಬಸ. ಜಗದೇವಿ ಆ ಕುಬಸ ತೊಟ್ಟು ಎರಡು ತಿಂಗಳಿಗೆ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಉಳಿದ ಕೂಸು ಈ ಸುವರ್ಣಾ, ಈಗ ಪಿಯುಸಿ ಸೈನ್ಸ್ ಓದುತ್ತಾಳೆ. ಅವಳಪ್ಪ ಸಂತೋಷಕುಮಾರ ಯಡ್ರಾಮಿಯಲ್ಲಿ ಇನ್ನೊಂದು ಮದುವೆಯಾಗಿ ಇದ್ದಾನೆ. ಕೂಸನ್ನು ಅಜ್ಜಿಯೇ ಬೆಳೆಸಿದಳು.

ಅವರನ್ನು ನಾನೇ ಪಕ್ಕದ ಅಂಗಡಿಗೆ ಕರೆದೊಯ್ದೆ. ನಿಂಬೆವ್ವ ಸೆರಗಿನೊಳಗಿಂದ ಒಂದು ಬಿಳಿ ವಸ್ತ್ರದ ಗಂಟು ತೆಗೆದಳು, ಬಿಚ್ಚಿದಳು. ಒಳಗೆ ಗುಲಾಬಿ ಹೂವಿನ ಡಿಸ್ಕು, ನಡುವೆ ಗುರುಪಾದನ ಹೆಸರು.

"ಅಂಕಲ್, ನಮ್ಮವ್ವನ ಫೋಟೋ ಅದಾವ್ರಿ" ಎಂದಳು ಸುವರ್ಣಾ. "ದನಿ ಎಲ್ಲೂ ಇಲ್ಲ. ಇದರಾಗ ಅವ್ವ ಒಡಪು ಹೇಳ್ಯಾಳಂತ ಆಯಿ ಹೇಳ್ತಾಳ. ನಮ್ಮನಿ ಪ್ಲೇಯರ್ ನಾ ಸಣ್ಣಾಕಿ ಇದ್ದಾಗೇ ಕೆಟ್ಟೋಯ್ತು, ನನಗ ಒಂದೂ ನೆನಪಿಲ್ಲ. ಬ್ಯಾರೆ ಯಾರ ಹತ್ರನೂ ಇದರ ಪ್ರತಿ ಉಳದಿಲ್ಲ. ಎಲ್ಲಾ ಬ್ಯಾಡ್ರಿ, ಒಡಪು ಒಂದು ಮೊಬೈಲಿಗಿ ಹಾಕಿಕೊಡ್ರಿ."

ಒಡಪು ಎಂದರೆ ಗಂಡನ ಹೆಸರನ್ನು ಪದದಲ್ಲಿ ಕಟ್ಟಿ ಹೇಳುವುದು. ನಮ್ಮಲ್ಲಿ ಕುಬಸದ ದಿನ ಹೆಂಗಸರು ಬಸುರಿಯನ್ನು ಒಡಪು ಹೇಳಿಸದೆ ಬಿಡುವುದಿಲ್ಲ.

ಗುರುಪಾದ ಉಬ್ಬಿಹೋದ. ಎಷ್ಟು ವರ್ಷದ ಮೇಲೆ ಅವನ ಹೆಸರಿನ ಡಿಸ್ಕು ಅವನ ಕೈಗೆ ಬಂದಿತ್ತು! "ನಾನೇ ಹಾಕಿದ ಕೀಲಿರಿ ಯವ್ವಾ, ನಾನೇ ತೆಗೀಲಾರೆನೇನು? ಚಹಾ ಕುಡೀರಿ, ಅಷ್ಟರಾಗ ಆಗ್ತದ" ಎನ್ನುತ್ತಾ ಡಿಸ್ಕನ್ನು ತಿರುಗಿಸಿ ನೋಡಿದ. ಹೊಳೆಯುವ ಮೈ ತುಂಬ ಸಣ್ಣ ಸಣ್ಣ ಗೀರು, ಸುತ್ತಿ ಸುತ್ತಿ ಎಳೆದದ್ದು, ಬೂದಿ ಹಾಕಿ ತಿಕ್ಕಿದ ಸ್ಟೀಲ್ ತಟ್ಟೆಯ ಹಾಗೆ.

"ಯವ್ವಾ, ಇದಕ್ಕೇನು ಹಚ್ಚೀರಿ?"

"ಇಬತ್ತಿ" ಎಂದಳು ನಿಂಬೆವ್ವ. ಆ ಮುಖದಲ್ಲಿ ಎಂಥ ಹೆಮ್ಮೆ! "ಜಗಲಿ ಮ್ಯಾಲೆ ದೇವರ ಬಾಜೂಕ ಇಟ್ಟೇನಿ. ಸ್ವಾಮಾರಕ್ಕೊಮ್ಮೆ ಲಿಂಗದ ಕರಡಿಗಿ ತಿಕ್ತೇನಿ, ಬೆಳ್ಳಿ ಬಟ್ಲಾ ತಿಕ್ತೇನಿ, ಇದನ್ನೂ ತಿಕ್ತೇನಿ. ನನ್ನ ಮಗಳು ಇದರಾಗ ಇದ್ದಾಳ, ಮಾಸಗೊಡಬಾರದು ನೋಡು. ಒಂದು ವಾರ ತಪ್ಪಿಸಿಲ್ಲ."

ಗುರುಪಾದ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಬೆಳ್ಳಿಯನ್ನು ವಿಭೂತಿಯಲ್ಲೇ ತಿಕ್ಕುವುದು ನಮ್ಮೆಲ್ಲರ ಮನೆಯ ಪದ್ಧತಿ, ನನ್ನ ಮನೆಯಲ್ಲೂ ಅದೇ. ಬೆಳ್ಳಿಯಂತೆ ಹೊಳೆಯುವುದನ್ನು ಆ ಮುದುಕಿ ಮತ್ತೆ ಯಾವುದರಿಂದ ತಿಕ್ಕಬೇಕಿತ್ತು ಹೇಳಿ?

"ಬಿಟ್ಟು ಹೋಗ್ರಿ ಯವ್ವಾ. ಮುಂದಿನ ಸ್ವಾಮಾರ ಬರ್ರಿ, ಆಗ್ತದ" ಎಂದ ಗುರುಪಾದ. ಆ 'ಆಗ್ತದ'ದಲ್ಲಿ ಜೀವವೇ ಇರಲಿಲ್ಲ. ನಿಂಬೆವ್ವ ಬಿಟ್ಟುಹೋಗಲು ಹಿಂದೆ ಮುಂದೆ ನೋಡಿದಳು. ಕೊನೆಗೆ, "ಕೆಳಗ ಇಡಬ್ಯಾಡೋ ಯಪ್ಪಾ, ಎತ್ತರದಾಗಿಡು" ಎಂದು ಹೇಳಿ ಹೋದಳು.

ಅವನು ಅಟ್ಟದ ಮೇಲಿನ ಪ್ಲೇಯರ್ ಇಳಿಸಿದ. ಮರುದಿನ ಮಧ್ಯಾಹ್ನ, "ಅಕ್ಕಾ, ಬರ್ರಿ ಇಲ್ಲಿ" ಎಂದು ಕೂಗಿದ. ಹೋದೆ. ಟಿವಿಯಲ್ಲಿ ಮಣ್ಣೂರಿನ ಆ ಮನೆಯ ಪಡಸಾಲೆ. ಅಲ್ಲಲ್ಲಿ ತಡವರಿಸಿದರೂ ಚಿತ್ರ ಓಡುತ್ತಿತ್ತು. ಹಸಿರು ಸೀರೆಯಲ್ಲಿ ಜಗದೇವಿ ಮಣೆಯ ಮೇಲೆ ಕೂತಿದ್ದಾಳೆ. ನಾನು ಹೊಲಿದ ಕುಬಸ. ತೋಳಿಗೆ ಕೆಂಪು ಅಂಚು ಕೊಟ್ಟಿದ್ದೆ. ಪಕ್ಕದಲ್ಲಿ ಅವಳ ಅತ್ತಿಗೆ ನಿಂತು ಕೈ ಆಡಿಸುತ್ತಾ ಒಡಪು ಹೇಳಿದಳು:

"ಹಸಿರು ಬಳಿ ಕೈ ತುಂಬ, ಹೂವಿನ ದಂಡಿ ತಲಿ ತುಂಬ, ಮಲ್ಲಣ್ಣ ಒಬ್ಬ ಇದ್ರ ಸಾಕು ನನ್ನ ಮನಿ ತುಂಬ!"

ಹೆಂಗಸರೆಲ್ಲ ಹೋ ಎಂದು ನಕ್ಕರು. "ಜಗದೇವಿ, ಈಗ ನೀ ಹೇಳ ಬೇ! ಜೋರಾಗಿ ಹೇಳ!" ಎಂದು ಕೂಗಿದರು. ಜಗದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಬಗ್ಗಿಸಿದಳು. ತಲೆ ಎತ್ತಿದಳು. ಸೆರಗು ಸರಿಸಿದಳು. ತುಟಿ ತೆರೆದಳು. ಅಷ್ಟೇ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಯಿತು. ಪ್ಲೇಯರ್ ಒಳಗೊಳಗೇ ಗರಗರ ಎಂದಿತು, ಆಮೇಲೆ ಒಮ್ಮೆಲೇ ಊಟದ ಪಂಕ್ತಿ ಬಂತು. ಜನ ಹೋಳಿಗೆ ತಿನ್ನುತ್ತಿದ್ದರು. ಗುರುಪಾದ ಹಿಂದಕ್ಕೆ ಹಾಕಿದ, ಮತ್ತೆ ಹಾಕಿದ. ಪ್ರತಿ ಸಲವೂ ಜಗದೇವಿ ಬಾಯಿ ತೆರೆದಳು, ಪ್ರತಿ ಸಲವೂ ಹೋಳಿಗೆ ಬಂತು.

ಕಂಪ್ಯೂಟರಿಗೆ ಹಾಕಿದರೆ ಅಲ್ಲಿ ಬೇರೆಯೇ ತೊಂದರೆ. ಕೀಲಿ ತೆಗೆಯುವ ಸಾಫ್ಟ್‌ವೇರ್ ಮುದುಕಿಯ ಗೀರನ್ನೂ ಕೀಲಿ ಎಂದೇ ತಿಳಿದು ಜಿಗಿದುಬಿಡುತ್ತಿತ್ತು, ಒಡಪಿನ ಸಮೇತ. ಕೆಟ್ಟ ಡಿಸ್ಕನ್ನು ತಾಳ್ಮೆಯಿಂದ ಓದುವ ಇನ್ನೊಂದು ಸಾಫ್ಟ್‌ವೇರ್ ಇತ್ತು. ಅದು ಗುರುಪಾದನ ಹುಸಿ ಗಾಯಗಳನ್ನೂ ನಿಜವೆಂದು ನಂಬಿ, ಅವನ್ನೇ ತಿರುತಿರುಗಿ ಓದುತ್ತಾ ಕೂರುತ್ತಿತ್ತು. ಯಾವುದು ತಾನು ಮಾಡಿದ ಗಾಯ, ಯಾವುದು ವಿಭೂತಿಯ ಗಾಯ ಎಂದು ಅವನಿಗೇ ಬೇರ್ಪಡಿಸಲು ಬರಲಿಲ್ಲ. ಅಂಗಡಿ ಮುಚ್ಚಿ ಕಲಬುರಗಿಗೆ ಮಸೂದನ ಹತ್ತಿರ ಹೋದ. ಮಸೂದ ಈಗ ಮೊಬೈಲ್ ಕವರ್ ಮಾರುತ್ತಾನೆ. ಹಳೆಯ ಗೆಳೆಯನಿಗಾಗಿ ಯಾರುಯಾರದೋ ಹತ್ತಿರ ಓಡಾಡಿದ, ಬೇರೆ ಬೇರೆ ಡ್ರೈವಿಗೆ ಹಾಕಿ ನೋಡಿದ, ಡಿಸ್ಕಿನ ಮೈಗೆ ಏನೋ ಸವರಿ ಒರೆಸಿ ನೋಡಿದ. ಆಗಲಿಲ್ಲ.

"ಬರೀ ಗೀರು ಇದ್ದಿದ್ರ ಮಸೂದ ಓದತಿದ್ದ. ಬರೀ ಕೀಲಿ ಇದ್ದಿದ್ರ ನಾ ತೆಗೀತಿದ್ದೆ" ಎಂದ, ತಿರುಗಿ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು. "ಎರಡೂ ಕೂಡಿ ಕೆಡಸ್ಯಾವರಿ ಅಕ್ಕಾ. ಆ ಮುದುಕಿ ಪ್ರೀತಿಲೆ ಮಾಡಿದಳು. ನಾ ಹೊಟ್ಟಿಕಿಚ್ಚಿಲೆ ಮಾಡಿದೆ."

ಜಗಳಕ್ಕಾದರೆ ನನ್ನ ನಾಲಿಗೆ ಮುಂದು. ಅವತ್ತು ಮಿಷನ್ ನಿಲ್ಲಿಸಿ ಅವನಿಗೆ ಚಹಾ ತರಿಸಿಕೊಟ್ಟೆ.

ಸೋಮವಾರದ ಮುಂಜಾನೆ ಅಂಗಡಿ ತೆಗೆಯುವ ಹೊತ್ತಿಗೇ ಬಂದು ನಿಂತ. ಕಣ್ಣು ಕೆಂಪಾಗಿದ್ದವು. "ಅಕ್ಕಾ, ಒಂದು ಮಾತು. ಬೈಬ್ಯಾಡ್ರಿ. ಆ ಹುಡುಗಿ ತಾಯಿ ದನಿ ಕೇಳೇ ಇಲ್ಲ. ಮುದುಕಿಗಿ ಕಿವಿ ಮಂದ ಅದ. ನೀವು ಎರಡು ಸಾಲು ಒಡಪು ಹೇಳ್ರಿ. ಜಗದೇವಿ ತುಟಿ ತೆರದಲ್ಲಿ ನಾ ಕೂಡಸ್ತೇನಿ. ಗೊತ್ತಾಗಂಗಿಲ್ಲ."

ನನ್ನ ಮೈ ಉರಿದುಹೋಯಿತು. "ಏ ಮೂಳಾ, ನಿನ್ನ ಬುದ್ಧಿ ಮಣ್ಣಾಗ ಹೋಗ್ಲಿ! ಸತ್ತಾಕಿ ಬಾಯಾಗ ನಾ ಮಾತಾಡ್ಲೇನು? ಆ ಹುಡುಗಿ ನಾಳೆ ನನ್ನ ದನಿ ಕೇಳಿ 'ಅವ್ವಾ' ಅಂತ ಅಳತಾಳ, ಅದನ್ನ ಈ ಗ್ವಾಡಿ ಬಾಜೂಕ ಕುಂತು ನಾ ಹ್ಯಾಂಗ ಕೇಳ್ಲಿ?"

"ಮತ್ತೇನು ಮಾಡ್ಲಿರಿ? ನೀವೇ ಹೇಳ್ರಿ, ಏನು ಮಾಡ್ಲಿ?" ಎಂದವನೇ ಅಲ್ಲೇ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟ. ಹೊಟ್ಟೆ ಬಂದ, ತಲೆ ನರೆತ ಗಂಡಸು. ನನಗೂ ಕಣ್ಣೀರು ಬಂತು, ಮುಚ್ಚಿಡುವುದೇನಿದೆ. ಅವನಿಗೆ ನೀರು ಕೊಟ್ಟೆ.

ಅಜ್ಜಿ, ಮೊಮ್ಮಗಳು ಬಂದಾಗ ಬಿಸಿಲು ಏರಿತ್ತು. ನಾನೂ ಅವರ ಹಿಂದೆಯೇ ಗುರುಪಾದನ ಅಂಗಡಿಗೆ ಹೋದೆ. ಸುವರ್ಣಾ ಹೊಸ ಇಯರ್‌ಫೋನ್ ತಂದಿದ್ದಳು, ಬಸ್ಸಿನಲ್ಲಿ ಹೋಗುವಾಗಲೇ ಕೇಳಬೇಕೆಂದು. ಗುರುಪಾದ ಸಿಕ್ಕಷ್ಟನ್ನು ಅವಳ ಮೊಬೈಲಿಗೆ ಹಾಕಿಕೊಟ್ಟ. ಅವಳು ನಿಂತಲ್ಲೇ ನೋಡಿದಳು. ಮಲ್ಲಣ್ಣನ ಒಡಪಿಗೆ ನಕ್ಕಳು. ಅವ್ವ ಸೆರಗು ಸರಿಸಿದಾಗ ಮೊಬೈಲನ್ನು ಮುಖದ ಹತ್ತಿರ ತಂದಳು. ಆಮೇಲೆ ತಲೆ ಎತ್ತಿ ಗುರುಪಾದನನ್ನು ನೋಡಿದಳು.

"ಇಷ್ಟೇರಿ. ಮುಂದ ಬರಲಿಲ್ಲ" ಎಂದ. ನಿಂಬೆವ್ವನ ಕಡೆ ತಿರುಗಿ ಕೈ ಮುಗಿದ, ದನಿ ಎತ್ತರಿಸಿ ಹೇಳಿದ. "ತಪ್ಪು ನಂದು ಯವ್ವಾ. ಬ್ಯಾರೆ ಯಾರೂ ನಕಲು ಮಾಡಬಾರದಂತ ನಾ ಆಗ ಕೀಲಿ ಹಾಕಿದ್ದೆ. ಆ ಕೀಲಿ ಈಗ ತೆಗೀಲಿಕ್ಕಿ ಬರವಲ್ದು."

ವಿಭೂತಿಯ ಮಾತು ಎತ್ತಲಿಲ್ಲ. ಆ ಒಂದು ಕಾರಣಕ್ಕೆ ಅವನ ಹಳೆಯ ತಪ್ಪುಗಳನ್ನೆಲ್ಲ ನಾನು ಮಾಫಿ ಮಾಡಿದ್ದೇನೆ.

ನಿಂಬೆವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಮನಿಗಿ ಕೀಲಿ ಹಾಕ್ತಾರ, ಪೆಟ್ಟಿಗಿಗಿ ಹಾಕ್ತಾರ" ಎಂದಳು ಮೆಲ್ಲಗೆ. "ನನ್ನ ಮಗಳ ಬಾಯಿಗಿ ಯಾಕ ಹಾಕಿದ್ಯೋ ಯಪ್ಪಾ?"

ಗುರುಪಾದ ಮುಗಿದ ಕೈ ಬಿಡಲಿಲ್ಲ. ಯಾರೋ ಆಧಾರ್ ಝೆರಾಕ್ಸ್ ಬೇಕೆಂದು ಬಂದರು, ಅವರನ್ನು ನಾನೇ ಗದರಿಸಿ ಕಳಿಸಿದೆ.

ಸುವರ್ಣಾ ಡಿಸ್ಕನ್ನು ಕೈಗೆ ತೆಗೆದುಕೊಂಡಳು. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದಳು. ಸುತ್ತಿ ಸುತ್ತಿ ಎಳೆದ ಗೀರುಗಳ ಮೇಲೆ ಬೆರಳಾಡಿಸಿದಳು. ಓದಿದ ಹುಡುಗಿ, ತಿಳಿಯದೆ ಇರುತ್ತದೆಯೇ? ಅಜ್ಜಿಯ ಕೈ ನೋಡಿದಳು, ನನ್ನನ್ನು ನೋಡಿದಳು. ಬೇಡ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವಳು ಡಿಸ್ಕನ್ನು ಅದೇ ಬಿಳಿ ವಸ್ತ್ರದಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಟ್ಟಳು.

"ಹೋಗ್ಲಿ ಬಿಡ್ರಿ ಅಂಕಲ್" ಎಂದಳು. "ಇದನ್ನ ಕೂಡಸುವಾಗ ನೀವು ಕೇಳಿರಬೇಕಲ್ಲಾ. ನೀವೇ ಹೇಳ್ರಿ. ನಮ್ಮವ್ವನ ದನಿ ಹ್ಯಾಂಗಿತ್ತು?"

ಗುರುಪಾದನ ತುಟಿ ಅಲುಗಾಡಿದವು. 'ನಿನ್ನಂಗೇ ಇತ್ತವ್ವಾ' ಎಂದುಬಿಟ್ಟಿದ್ದರೆ ಯಾರು ಬೇಡವೆನ್ನುತ್ತಿದ್ದರು? ಆದರೆ ಬೆಳಿಗ್ಗೆ ನಾನು ಬೈದದ್ದು ಅವನಿಗೆ ನಾಟಿತ್ತೋ ಏನೋ, ಸುಳ್ಳು ಬರಲಿಲ್ಲ. "ಎಷ್ಟೋ ಕುಬಸ, ಎಷ್ಟೋ ಮದುವಿ ಮಾಡೀನವ್ವಾ. ನೆನಪಿಲ್ಲ" ಎಂದ.

ಹುಡುಗಿ ನನ್ನ ಕಡೆ ತಿರುಗಿದಳು. ಜಗದೇವಿ ಗೋಡೆಯ ಆ ಕಡೆ ನನ್ನ ಅಂಗಡಿಯಲ್ಲೇ ನನ್ನೆದುರು ನಿಂತು ಅಳತೆ ಕೊಟ್ಟಿದ್ದಳು. ತೋಳು ಬಿಗಿ ಮಾಡಬೇಡಿ ಎಂದಿದ್ದಳು. ಅವಳ ತೋಳಿನ ಅಳತೆ ನನಗೆ ಇವತ್ತಿಗೂ ನೆನಪಿದೆ. ಆ ಮಾತು ಯಾವ ದನಿಯಲ್ಲಿ ಹೇಳಿದಳೆಂದು ಎಷ್ಟು ತಡಕಾಡಿದರೂ ಸಿಗಲಿಲ್ಲ. ನಾನು ತಲೆ ಅಲ್ಲಾಡಿಸಿದೆ.

"ನೀನರ ಹೇಳ ಆಯಿ" ಎಂದು ಸುವರ್ಣಾ ಅಜ್ಜಿಯ ತೋಳು ಹಿಡಿದು ಅಲುಗಿಸಿದಳು. "ನಿನ್ನ ಮಗಳಲ್ಲೇನು ಆಕಿ? ನೀನರ ಹೇಳ."

ನಿಂಬೆವ್ವ ಗಂಟನ್ನು ಎದೆಗೆ ಒತ್ತಿಕೊಂಡು ಮೊಮ್ಮಗಳನ್ನು ನೋಡಿದಳು.

"ನನಗ ನೆನಪಿದ್ದಿದ್ರ," ಎಂದಳು, "ಇಲ್ಲೀತನ ಯಾಕ ಬರ್ತಿದ್ದೆ ಬೇ?"